ಹೈ ಬ್ರೈಟ್‌ನೆಸ್ ಹೆಡ್‌ಲೈಟ್ ಬಲ್ಬು ಏಳೇ ತಿಂಗಳಿಗೆ ಹೋಯ್ತು, ಇದ್ರ ಬಾಳಿಕೆ ಇಷ್ಟೇನಾ?

ನೀವು ಕೇಳಿರೋದು ಇಷ್ಟು: ಎಚ್4 ಬಲ್ಬ್ (ಹೈ ಬೀಮ್, ಡಿಮ್ ಎರಡೂ ಒಂದೇ ಬಲ್ಬಲ್ಲಿರೋದು) ಬರೋ ಕಾರಿಗೆ ಪ್ಲಸ್ 130, ಅಂದ್ರೆ ಸಾದಾದ್ದಕ್ಕಿಂತ 130 ಪರ್ಸೆಂಟ್ ಹೆಚ್ಚು ಬೆಳಕು ಅಂತ ಬರೆದಿರೋ ಒಂದು ಜೊತೆ ಹಾಕಿಸಿದ್ರಿ, ದಿನಾ ರಾತ್ರಿ ಕೆಲಸ ಮುಗಿಸ್ಕೊಂಡು ಬರೋವಾಗ ಸುಮಾರು ಒಂದು ಗಂಟೆ ಲೈಟ್ ಉರಿಯುತ್ತೆ, ಏಳು ತಿಂಗಳಿಗೆ ಎಡಗಡೇದು ಹೋಯ್ತು, ಅಂಗಡಿಯವ್ರು ಬಲ್ಬಿಗೆಲ್ಲ ವಾರಂಟಿ ಇಲ್ಲ ಅಂದ್ರು, ಈಗ ಡೂಪ್ಲಿಕೇಟ್ ಕೊಟ್ರಾ ಇಲ್ಲಾ ಇದ್ರ ಆಯಸ್ಸೇ ಇಷ್ಟಾ, ಎಲ್‌ಇಡಿಗೆ ಹೋಗ್ಲಾ ಅಂತ.

ನನ್ನ ಪ್ರಕಾರ ನೀವು ಮೋಸ ಹೋಗಿಲ್ಲ. ಬಲ್ಬಿನ ಆಯಸ್ಸನ್ನ ತಿಂಗಳಲ್ಲಿ ಎಣಿಸ್ಬೇಡಿ, ಉರಿದ ಗಂಟೇಲಿ ಎಣಿಸಿ. ದಿನಕ್ಕೊಂದು ಗಂಟೆ ಅಂದ್ರೆ ಏಳು ತಿಂಗಳಿಗೆ ಹತ್ತಿರ ಹತ್ತಿರ 210 ಗಂಟೆ ಆಯ್ತು. ಸಾದಾ ಹ್ಯಾಲೊಜೆನ್ ಬಲ್ಬು ಸಾಮಾನ್ಯವಾಗಿ 500ರಿಂದ 1000 ಗಂಟೆ ಉರಿಯುತ್ತೆ, ಲಾಂಗ್ ಲೈಫ್ ಅಂತ ಬರೋದು ಅದಕ್ಕಿಂತ ಜಾಸ್ತಿ, ಆದ್ರೆ ಈ ಪ್ಲಸ್ 100, ಪ್ಲಸ್ 130, ಪ್ಲಸ್ 150 ಅಂತ ಬರೋವು 150 ಗಂಟೆಯಿಂದ ಹೆಚ್ಚಂದ್ರೆ 400-450 ಗಂಟೆ, ಅದೂ ವೋಲ್ಟೇಜ್ ಸರಿಯಾಗಿ ಸಿಕ್ರೆ. ನಿಮ್ಮ 210 ಗಂಟೆ ಅದ್ರೊಳಗೇ ಬಂತು. ದಿನಕ್ಕೆ ಹತ್ತು ನಿಮಿಷ ರಾತ್ರಿ ಓಡಿಸೋರಿಗೆ ಇದೇ ಬಲ್ಬು ಮೂರು ವರ್ಷ ಬಂದಿರುತ್ತೆ, ಅವ್ರು ಆನ್‌ಲೈನಲ್ಲಿ ಐದು ಸ್ಟಾರ್ ಕೊಟ್ಟಿರ್ತಾರೆ, ನಮ್ಮಂಥೋರು ಆರು ತಿಂಗಳಿಗೇ ಒಂದು ಸ್ಟಾರ್ ಕೊಟ್ಟಿರ್ತೀವಿ, ಬಲ್ಬು ಮಾತ್ರ ಒಂದೇ.

ಯಾಕೆ ಹೀಗೆ ಅಂತ ಗೊತ್ತಾದ್ರೆ ಮುಂದಿನ ಜೊತೆ ತಗೊಳ್ಳೋವಾಗ ನಿಮಗೇ ನಿರ್ಧಾರ ಮಾಡೋಕೆ ಸುಲಭ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ. ಎಚ್4 ಬಲ್ಬು ಸಾದಾದ್ದಾಗ್ಲಿ ಪ್ಲಸ್ 130 ಆಗ್ಲಿ ಎರಡೂ 60/55 ವಾಟೇ, ಹೈ ಬೀಮ್‌ಗೆ 60, ಡಿಮ್‌ಗೆ 55. ಕರೆಂಟ್ ಎಳೆಯೋದು ಅಷ್ಟೇ, ಮತ್ತೆ ಬೆಳಕು ಹೇಗೆ ಜಾಸ್ತಿ ಬರುತ್ತೆ ಅಂದ್ರೆ ಒಳಗಿನ ತಂತೀನ ಇನ್ನೂ ಸಣ್ಣ ಮಾಡಿ, ಸುರುಳೀನ ಒತ್ತೊತ್ತಾಗಿ ಸುತ್ತಿ, ಅದು ಇನ್ನೂ ಹೆಚ್ಚು ಕಾಯೋ ಹಾಗೆ ಮಾಡ್ತಾರೆ, ಜೊತೆಗೆ ಗಾಜಿನೊಳಗೆ ಗ್ಯಾಸಿನ ಒತ್ತಡ ಹೆಚ್ಚಿಸ್ತಾರೆ. ಸಣ್ಣ ಜಾಗದಿಂದ ತೀಕ್ಷ್ಣ ಬೆಳಕು ಬಂದ್ರೆ ರಿಫ್ಲೆಕ್ಟರ್, ಅಂದ್ರೆ ಬಲ್ಬಿನ ಸುತ್ತ ಇರೋ ಹೊಳೆಯೋ ಬಟ್ಟಲು, ಅದನ್ನ ದೂರಕ್ಕೆ ಚೆನ್ನಾಗಿ ಎಸೆಯುತ್ತೆ. ಆ 130 ಪರ್ಸೆಂಟ್ ಅನ್ನೋದು ಒಟ್ಟು ಬೆಳಕಿನ ಲೆಕ್ಕ ಅಲ್ಲ, ರಸ್ತೆ ಮೇಲೆ ಕಾರಿನ ಮುಂದೆ ಇಂತಿಷ್ಟು ಮೀಟರ್ ದೂರದ ಕೆಲವು ಬಿಂದುಗಳಲ್ಲಿ ಅಳೆದಾಗ ಸಿಗೋ ಹೆಚ್ಚಳ. ಒಟ್ಟು ಬೆಳಕಿಗೆ ಇಸಿಇ ಆರ್37 ಅನ್ನೋ ವಾಹನದ ಬಲ್ಬುಗಳ ಅಂತರರಾಷ್ಟ್ರೀಯ ನಿಯಮದಲ್ಲಿ ಮಿತಿ ಇದೆ, ಎಚ್4ಗೆ ಡಿಮ್ 1000 ಲ್ಯೂಮೆನ್ (ಬೆಳಕಿನ ಅಳತೆ), ಹೈ 1650 ಲ್ಯೂಮೆನ್, ಅದ್ರ ಮೇಲೆ ಕೆಳಗೆ 15 ಪರ್ಸೆಂಟ್ ಅಷ್ಟೇ. ಹಾಗಾಗಿ ಎರಡು ಪಟ್ಟಿಗಿಂತ ಹೆಚ್ಚು ಬೆಳಕು ಅಂತ ಅಂದ್ಕೊಂಡು ಹಾಕಿಸ್ಕೊಂಡೋರಿಗೆ ನಿರಾಸೆ ಆಗೋದು ಸಹಜ.

ಈ ತಂತಿ ಟಂಗ್‌ಸ್ಟನ್ನಿಂದು. ಉರಿಯೋವಾಗ ಚೂರು ಚೂರೇ ಆವಿಯಾಗ್ತಾ ಇರುತ್ತೆ. ಹಳೇ ಕಾಲದ ಮನೆ ಬಲ್ಬು ಕೊನೇಗಾಲದಲ್ಲಿ ಕಪ್ಪಾಗ್ತಿದ್ದಿದ್ದು ನೆನಪಿದ್ಯಲ್ಲ, ಆ ಆವಿ ಗಾಜಿಗೆ ಅಂಟ್ಕೊಂಡಿದ್ದು ಅದು. ಹ್ಯಾಲೊಜೆನ್ ಬಲ್ಬಲ್ಲಿ ಅಯೋಡಿನ್ನೋ ಬ್ರೋಮಿನ್ನೋ ಸ್ವಲ್ಪ ಸೇರಿಸಿರ್ತಾರೆ, ಅದು ಆ ಆವೀನ ಗಾಜಿನ ಹತ್ರನೇ ಹಿಡ್ಕೊಂಡು ವಾಪಸ್ ತಂತಿಗೆ ತಂದು ಬಿಡುತ್ತೆ. ಆದ್ರೆ ಎಲ್ಲಿ ಸವೆದಿತ್ತೋ ಅಲ್ಲಿಗೇ ತಂದು ಅಂಟಿಸಲ್ಲ, ಅದೇ ಸಮಸ್ಯೆ. ಎಲ್ಲೋ ಒಂದು ಕಡೆ ತಂತಿ ತೆಳ್ಳಗಾಯ್ತು ಅಂದ್ರೆ ಆ ಜಾಗ ಇನ್ನೂ ಹೆಚ್ಚು ಕಾಯುತ್ತೆ, ಕಾದಷ್ಟೂ ಇನ್ನೂ ಬೇಗ ಸವೆಯುತ್ತೆ, ಕೊನೆಗೆ ಒಂದಿನ ನೀವು ಸ್ವಿಚ್ ಹಾಕಿದ ಕ್ಷಣದಲ್ಲಿ ಪಟ್ ಅಂತ ಹೋಗುತ್ತೆ, ಯಾಕಂದ್ರೆ ತಂತಿ ತಣ್ಣಗಿದ್ದಾಗ ಅದ್ರ ರೆಸಿಸ್ಟೆನ್ಸ್ (ಕರೆಂಟನ್ನ ತಡೆಯೋ ಗುಣ) ತುಂಬಾ ಕಮ್ಮಿ, ಮೊದಲ ಏಟಿಗೆ ಮಾಮೂಲಿಗಿಂತ ಎಷ್ಟೋ ಪಟ್ಟು ಕರೆಂಟ್ ನುಗ್ಗುತ್ತೆ. ಪ್ಲಸ್ 130ರಲ್ಲಿ ತಂತಿ ಮೊದಲೇ ಸಣ್ಣ, ಬಿಸಿ ಮೊದಲೇ ಜಾಸ್ತಿ. ಅಂದ್ರೆ ಬೆಳಕು ಕೊಟ್ಟಿದ್ದು ಆಯಸ್ಸಿನಿಂದ ಕಡಿದು ಕೊಟ್ಟಿದ್ದು.

ಈಗ ವೋಲ್ಟೇಜ್ ವಿಷಯ, ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಮುಖ್ಯ ಇದು, ಆದ್ರೆ ಯಾರೂ ಹೇಳಲ್ಲ. ಬಲ್ಬಿನ ಪರೀಕ್ಷೆ ಮಾಡೋದು 13.2 ವೋಲ್ಟಲ್ಲಿ. ಅದಕ್ಕಿಂತ 5 ಪರ್ಸೆಂಟ್ ಜಾಸ್ತಿ ಆದ್ರೆ ಆಯಸ್ಸು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತೆ, ಬೆಳಕು ಮಾತ್ರ ಐದನೇ ಒಂದು ಭಾಗದಷ್ಟು ಏರುತ್ತೆ. ಕಮ್ಮಿ ಆದ್ರೆ ಇದೇ ಲೆಕ್ಕ ಉಲ್ಟಾ, ಬೆಳಕು ಮಂಕು, ಆಯಸ್ಸು ಡಬಲ್.

ನಾನಿರೋದು ಸಕಲೇಶಪುರದಲ್ಲಿ, ಕೆಲಸ ಮಂಗಳೂರಲ್ಲಿ. ಸೋಮವಾರ ಕತ್ತಲಿರೋವಾಗ್ಲೇ ಹೊರಟು ಶುಕ್ರವಾರ ರಾತ್ರಿ ವಾಪಸ್, ಶಿರಾಡಿ ಘಾಟಿ ಹತ್ತಿ ಇಳಿಯೋದು, ಅದ್ರ ಜೊತೆ ಊರಲ್ಲಿ ಓಡಾಟ, ಎಲ್ಲಾ ಸೇರಿ ತಿಂಗಳಿಗೆ ಸುಮಾರು 30 ಗಂಟೆ ನನ್ನ ಹೆಡ್‌ಲೈಟ್ ಉರಿಯುತ್ತೆ. ಬಲ್ಬ್ ಹಾಕಿದ ದಿನ ಅದ್ರ ಡಬ್ಬಿ ಮೇಲೆ ಪೆನ್ನಲ್ಲಿ ತಾರೀಕು ಬರೆದು ಗ್ಲೋವ್ ಬಾಕ್ಸಲ್ಲಿ ಇಡೋ ಅಭ್ಯಾಸ ಇದೆ, ಅದ್ರಿಂದಾನೇ ಈ ಲೆಕ್ಕ ಹೇಳೋಕೆ ಆಗ್ತಿರೋದು. ಮೊದಲ ಪ್ಲಸ್ 130 ಜೊತೆ ನನಗೆ 14 ತಿಂಗಳು ಬಂತು. ಪರವಾಗಿಲ್ವೇ, ಒಳ್ಳೇ ಬಾಳಿಕೆ ಅಂತ ಖುಷಿಯಾಗಿ ಅದೇ ಕಂಪನೀದೇ ಇನ್ನೊಂದು ಜೊತೆ ತಂದೆ. ಅಷ್ಟರಲ್ಲಿ ಹಾಸನದಲ್ಲಿ ನನಗೆ ಪರಿಚಯದ ಎಲೆಕ್ಟ್ರಿಷಿಯನ್ ಒಬ್ರು, ವಯಸ್ಸಾದೋರು, ಹೆಡ್‌ಲೈಟಿನ ಹಿಂದಿನ ರಬ್ಬರ್ ಬಿಚ್ಚಿ, ಲೈಟ್ ಉರಿಯೋವಾಗ್ಲೇ ಹೋಲ್ಡರ್ ಹತ್ರ ಮೀಟರ್ ಹಿಡಿದು ತೋರಿಸಿದ್ರು. ಇಂಜಿನ್ ಓಡ್ತಿದೆ, ಬ್ಯಾಟರಿ ಮೇಲೆ 14 ವೋಲ್ಟ್, ಹೋಲ್ಡರಲ್ಲಿ 12.5. "ನೋಡಪ್ಪ, ಒಂದೂವರೆ ವೋಲ್ಟ್ ದಾರೀಲೇ ತಿಂದ್ಹಾಕ್ತಾ ಇದೆ, ನೀನು ಎಂಥಾ ಬಲ್ಬ್ ಹಾಕಿದ್ರೂ ಇಷ್ಟೇ" ಅಂದ್ರು. ಹಳೇ ವೈರು, ಸ್ವಿಚ್ಚಿನ ಪಾಯಿಂಟುಗಳು, ತುಕ್ಕು ಹಿಡಿದ ಅರ್ಥು (ಕಾರಿನ ಬಾಡಿಗೆ ಕಟ್ಟೋ ವೈರು), ಎಲ್ಲಾ ಸೇರಿ ಕರೆಂಟ್ ನುಂಗ್ತಿದ್ವು.

ರಿಲೇ ಇರೋ ವೈರಿಂಗ್ ಕಿಟ್, ಅಂದ್ರೆ ಸ್ವಿಚ್ಚಿನ ಮೂಲಕ ಸುತ್ತದೆ ಬ್ಯಾಟರಿಯಿಂದ ನೇರ ಬಲ್ಬಿಗೆ ಕರೆಂಟ್ ಕೊಡೋದು, ಹಾಕಿಸ್ದೆ, ಅರ್ಥ್ ಬೋಲ್ಟ್ ಬಿಚ್ಚಿ ಎಮರಿ ಪೇಪರಲ್ಲಿ ಉಜ್ಜಿ ಕಟ್ಟಿದ್ರು. ಹೋಲ್ಡರಲ್ಲಿ 13.6 ಬಂತು. ಅವತ್ತು ರಾತ್ರಿ ಬಾಳ್ಳುಪೇಟೆ ದಾಟೋವಾಗ ರಸ್ತೆ ಅಂಚಿನ ಬಿಳಿ ಗೆರೆ ಎದ್ದು ಕಾಣಿಸ್ತಿತ್ತು, ಬೇರೆ ಯಾರದೋ ಕಾರು ಓಡಿಸ್ದಂಗಿತ್ತು, ಲೆಕ್ಕದ ಪ್ರಕಾರವೇ ಮೂರನೇ ಒಂದು ಪಾಲು ಬೆಳಕು ಜಾಸ್ತಿ ಅದು. ಆದ್ರೆ ಆ ಎರಡನೇ ಜೊತೆ ಬಂದಿದ್ದು ಐದೇ ತಿಂಗಳು. ಅದೇ ಕಂಪನಿ, ಅದೇ ಮಾಡೆಲ್ಲು, ಅದೇ ಅಂಗಡಿ. ಮೊದಲನೇ ಜೊತೆ 14 ತಿಂಗಳು ಬಂದಿದ್ದು ಬಲ್ಬು ಗಟ್ಟಿ ಇದ್ದಿದ್ರಿಂದಲ್ಲ, ಅದಕ್ಕೆ ಹೊಟ್ಟೆತುಂಬ ಕರೆಂಟೇ ಸಿಗದೆ ಮಂಕಾಗಿ ಉರೀತಿದ್ದಿದ್ರಿಂದ. ದುಡ್ಡು ಕೊಟ್ಟಿದ್ದು ಪ್ಲಸ್ 130ಕ್ಕೆ, ಸಿಗ್ತಿದ್ದಿದ್ದು ಸಾದಾ ಬಲ್ಬಿನ ಹತ್ತಿರದ ಬೆಳಕು.

ಅದಕ್ಕೇ ನಿಮಗೂ ಹೇಳೋದು, ಮೊದಲು ಒಂದು ಮಲ್ಟಿಮೀಟರ್ ತರಿಸಿ ಅಳೀರಿ, ಇಲ್ಲಾ ಎಲೆಕ್ಟ್ರಿಷಿಯನ್ ಹತ್ರ ಅಳೆಸಿ. ಇಂಜಿನ್ ಸ್ವಲ್ಪ ರೇಸಲ್ಲಿಟ್ಟು, ಲೈಟ್ ಆನ್ ಮಾಡಿ, ಹೋಲ್ಡರ್ ಹತ್ರ ನೋಡಿ. 13ರಿಂದ 13.5 ಇದ್ರೆ ಸರಿಯಾಗಿದೆ, ನಿಮ್ಮ ಬಲ್ಬು ಅದ್ರ ಆಯಸ್ಸು ಮುಗಿಸಿ ಹೋಗಿದೆ. 14.4, 14.5 ಅಲ್ಲಿವರೆಗೂ ಬರ್ತಿದ್ರೆ ಆಯಸ್ಸು ಮೂರನೇ ಒಂದು ಪಾಲಿಗೆ ಇಳಿಯುತ್ತೆ, ಬ್ಯಾಟರಿ ಮೇಲೆ ಇನ್ನೂ ಜಾಸ್ತಿ, 15ರ ಹತ್ರ ಇದ್ರೆ ಆಲ್ಟರ್ನೇಟರ್ ರೆಗ್ಯುಲೇಟರ್ (ಚಾರ್ಜಿಂಗ್ ವೋಲ್ಟೇಜನ್ನ ಹತೋಟೀಲಿಡೋದು) ತೋರಿಸಿ, ಅದು ಬ್ಯಾಟರೀನೂ ಹಾಳು ಮಾಡುತ್ತೆ. 12.5 ಇಲ್ಲಾ ಅದಕ್ಕಿಂತ ಕಮ್ಮಿ ಇದ್ರೆ ಬಲ್ಬಿಗೆ ಖರ್ಚು ಮಾಡೋ ಬದ್ಲು ವೈರಿಂಗಿಗೆ ಖರ್ಚು ಮಾಡಿ.

ಹೋದ ಬಲ್ಬನ್ನ ಬಿಸಾಕಿಲ್ಲ ತಾನೆ? ಬಿಸಾಕ್ಬೇಡಿ. ಕಿಟಕಿ ಹತ್ರ ಬೆಳಕಿಗೆ ಹಿಡಿದು ನೋಡಿ, ಯಾಕೆ ಹೋಯ್ತು ಅಂತ ಅದೇ ಹೇಳುತ್ತೆ. ಗಾಜು ತಿಳಿಯಾಗಿದ್ದು, ಸುರುಳಿ ಒಂದು ಕಡೆ ತುಂಡಾಗಿ, ತುಂಡಾದ ತುದೀಲಿ ಸಾಸಿವೆಗಿಂತ ಸಣ್ಣ ಕರಗಿದ ಗುಂಡು ಕಂಡ್ರೆ ಅದು ತನ್ನ ಪಾಡಿಗೆ ಸವೆದು ಹೋಗಿದ್ದು. ಗಾಜಿನೊಳಗೆ ಬಿಳಿ ಅಥವಾ ಹಳದಿ ಮಿಶ್ರಿತ ಪುಡಿ, ಹೊಗೆ ಕೂತಂಗೆ ಇದ್ರೆ ಎಲ್ಲೋ ಬಿರುಕು ಬಿಟ್ಟು ಗಾಳಿ ಹೋಗಿದೆ, ಮಳೆ ನೀರು ಹೆಡ್‌ಲೈಟೊಳಗೆ ಇಳಿದು ಬಿಸಿ ಗಾಜಿನ ಮೇಲೆ ಬಿದ್ರೂ ಹಾಗಾಗುತ್ತೆ. ಇನ್ನು ಗಾಜಿನ ಮೇಲೆ ಒಂದು ಜಾಗದಲ್ಲಿ ಹಾಲುಬಣ್ಣದ ಮಚ್ಚೆ ಅಥವಾ ಬೊಬ್ಬೆ ಥರ ಉಬ್ಬಿದ್ರೆ ಹಾಕೋವಾಗ ಯಾರೋ ಬರಿಗೈಯಲ್ಲಿ ಮುಟ್ಟಿದ್ದಾರೆ. ಕೈಯ ಜಿಡ್ಡು ಆ ಕಾವಿಗೆ ಸುಟ್ಟು ಕ್ವಾರ್ಟ್ಜ್ ಗಾಜನ್ನ ಅಲ್ಲೇ ಕೆಡಿಸುತ್ತೆ. ಬೆಂಗಳೂರಿನ ಜೆಸಿ ರೋಡಿನ ಬಿಡಿಭಾಗದ ಅಂಗಡೀಲಿ ಒಂದ್ಸಲ ಕೆಲಸದ ಹುಡುಗ ಒಬ್ಬ ಗ್ರೀಸ್ ಕೈಯಲ್ಲೇ ಹೊಸ ಬಲ್ಬನ್ನ ಗಾಜಿನ ಕಡೆಯಿಂದ ಹಿಡಿದು ತೂರಿಸೋಕೆ ಹೋದ, ನಾನು ತಡೆದು ಮೆಡಿಕಲ್ ಶಾಪಿಂದ ಸರ್ಜಿಕಲ್ ಸ್ಪಿರಿಟ್ ತಂದು ಒರೆಸಿ ಹಾಕಿಸ್ದೆ. ಮುಟ್ಟಿದ್ರೆ ಹಾಗೆ ಮಾಡಿ, ಟಿಶ್ಯೂಗೆ ಸ್ಪಿರಿಟ್ ಹಾಕಿ ಒರೆಸಿ ಒಣಗಿದ ಮೇಲೆ ಹಾಕಿ. ಹಿಡ್ಕೊಳ್ಳೋದು ಯಾವಾಗ್ಲೂ ಲೋಹದ ಬುಡಾನೇ.

ಡೂಪ್ಲಿಕೇಟ್ ಅನುಮಾನ ಇದ್ರೆ ಬುಡದ ಮೇಲೆ ಕಣ್ಣಾಡಿಸಿ. ವೃತ್ತದೊಳಗೆ ಇಂಗ್ಲಿಷಿನ ಇ (E) ಅಕ್ಷರ, ಪಕ್ಕದಲ್ಲಿ ಒಂದು ನಂಬರ್, 1 ಇದ್ರೆ ಜರ್ಮನಿ ಒಪ್ಪಿಗೆ, 2 ಇದ್ರೆ ಫ್ರಾನ್ಸ್, 4 ಇದ್ರೆ ನೆದರ್ಲೆಂಡ್ಸ್, ಹೀಗೆ. ಅಕ್ಷರ ಮಸುಕಾಗಿದ್ರೆ, ಬುಡ ಮತ್ತು ಗಾಜು ಸೊಟ್ಟ ಕೂತಿದ್ರೆ ಅನುಮಾನ ಪಡಿ. ಫಿಲಿಪ್ಸ್, ಓಸ್ರಾಮ್ ಥರದವು ಬೇಕು ಅಂದ್ರೆ ಬಿಲ್ ಕೊಡೋ ಡೀಲರ್ ಹತ್ರಾನೇ ತಗೊಳ್ಳಿ.

ನೀಲಿ ಬಣ್ಣ ಬಳಿದಿರೋ "ಸೂಪರ್ ವೈಟ್" ಬಲ್ಬು ಮಾತ್ರ ಬೇಡವೇ ಬೇಡ. ಆ ನೀಲಿ ಬಳಿತ ಹಳದಿ ಬೆಳಕನ್ನ ತಡೆದು ಬಿಳಿ ಕಾಣೋ ಹಾಗೆ ಮಾಡುತ್ತೆ, ತಡೆದಿದ್ದನ್ನ ಸರಿದೂಗಿಸೋಕೆ ತಂತೀನ ಇನ್ನೂ ಕಾಯಿಸಿರ್ತಾರೆ, ಆಯಸ್ಸೂ ಹೋಯ್ತು ಬೆಳಕೂ ಹೋಯ್ತು. ಮಂಜು ಮಳೇಲಿ ಅದು ಕಣ್ಣಿಗೆ ಹಿಂಸೆ. 100/90 ವಾಟಿನವೂ ಅಂಗಡೀಲಿ ಧಾರಾಳವಾಗಿ ಸಿಗ್ತವೆ, ಒಂದೊಂದು ಬಲ್ಬು ಎಂಟು ಆಂಪಿಯರ್ ಎಳೆಯುತ್ತೆ, ಹೋಲ್ಡರ್ ಮೊದಲು ಕಂದು ಬಣ್ಣಕ್ಕೆ ತಿರುಗಿ ಆಮೇಲೆ ಕರಗುತ್ತೆ, ರಿಫ್ಲೆಕ್ಟರಿನ ಹೊಳೆಯೋ ಪದರ ಸುಡುತ್ತೆ, ರಸ್ತೆ ಮೇಲೆ ಅದಕ್ಕೆ ಅನುಮತೀನೂ ಇಲ್ಲ.

ಎಲ್‌ಇಡಿ ಕೇಳಿದ್ರಿ. ಕಂಪನಿಯಿಂದ್ಲೇ ಎಲ್‌ಇಡಿ ಹೆಡ್‌ಲೈಟ್ ಬಂದಿರೋ ಕಾರುಗಳಲ್ಲಿ ಅದು ಸಾವಿರಾರು ಗಂಟೆ, ಬಹುತೇಕ ಕಾರಿನ ಜೊತೆಗೇ ಬಾಳುತ್ತೆ, ಅದ್ರ ಬಗ್ಗೆ ಎರಡು ಮಾತಿಲ್ಲ, ಹಾಳಾದ್ರೆ ಮಾತ್ರ ಎಷ್ಟೋ ಸಲ ಇಡೀ ಹೆಡ್‌ಲೈಟೇ ಬದಲಾಯಿಸ್ಬೇಕು. ಆದ್ರೆ ನಮ್ಮ ಹ್ಯಾಲೊಜೆನ್ ಹೆಡ್‌ಲೈಟಿಗೆ ಹೊರಗಡೆ ತಂದು ತೂರಿಸೋ ಎಲ್‌ಇಡಿ ಬೇರೆ ವಿಷಯ. ಎಚ್4 ಬಲ್ಬನ್ನ ಹತ್ತಿರದಿಂದ ನೋಡಿದ್ರೆ ಡಿಮ್ ತಂತಿಯ ಕೆಳಗೆ ಪುಟ್ಟ ಬೊಗಸೆ ಥರ ಒಂದು ಲೋಹದ ತಟ್ಟೆ ಇರುತ್ತೆ, ಎದುರಿನವ್ರ ಕಣ್ಣಿಗೆ ಹೊಡೆಯೋ ಬೆಳಕನ್ನ ತಡೆಯೋದು ಅದೇ. ತಂತಿ ಇರೋ ಜಾಗ ಮಿಲಿಮೀಟರ್ ಲೆಕ್ಕದಲ್ಲಿ ಆಚೀಚೆ ಆದ್ರೂ ಬೆಳಕು ಚೆದುರುತ್ತೆ. ಅಂಥಾ ಕಡೆ ಎಲ್‌ಇಡಿ ಕೂರಿಸಿದ್ರೆ ನಮಗೆ ಗೋಡೆ ಮೇಲೆ ಬೆಳ್ಳಗೆ ಕಾಣುತ್ತೆ, ರಸ್ತೇಲಿ ದೂರಕ್ಕೆ ಹೋಗಲ್ಲ, ಎದುರಿಂದ ಬರೋ ಬೈಕಿನವನಿಗೆ ಕಣ್ಣು ಕತ್ತಲೆ. 2024ರ ಜುಲೈಯಲ್ಲಿ ಕರ್ನಾಟಕ ಪೊಲೀಸರು ಕಣ್ಣು ಕುಕ್ಕೋ ಎಲ್‌ಇಡಿ ಲೈಟುಗಳ ಮೇಲೆ ರಾಜ್ಯಾದ್ಯಂತ ಕೇಸ್ ಹಾಕೋಕೆ ಶುರು ಮಾಡಿದ್ದು ಇದೇ ಕಾರಣಕ್ಕೆ. ಬಾಳಿಕೆ ವಿಷಯಕ್ಕೂ ಡಬ್ಬಿ ಮೇಲೆ 30,000 ಗಂಟೆ, 50,000 ಗಂಟೆ ಅಂತಿರುತ್ತೆ, ಅದು ಒಳಗಿನ ಎಲ್‌ಇಡಿ ಚಿಪ್‌ನ ಮಾತು, ಹೆಡ್‌ಲೈಟಿನ ಮುಚ್ಚಿದ ಗೂಡಲ್ಲಿ ಅದ್ರ ಹಿಂದಿನ ಪುಟ್ಟ ಫ್ಯಾನು ಧೂಳು ಹಿಡಿದು ನಿಂತ್ರೆ ಆ ಚಿಪ್ ಸುಡೋಕೆ ಹೆಚ್ಚು ದಿನ ಬೇಡ.

ಝೆನಾನ್ ಎಚ್‌ಐಡಿ ಬಗ್ಗೆ ಹೆಚ್ಚು ಹೇಳಲ್ಲ. ಅದ್ರಲ್ಲಿ ತಂತಿಯೇ ಇಲ್ಲ, ಗ್ಯಾಸೊಳಗೆ ಹಾಯೋ ಕರೆಂಟಿಂದಾನೇ ಬೆಳಕು, 35 ವಾಟಲ್ಲಿ ಸುಮಾರು 3200 ಲ್ಯೂಮೆನ್, 2000-3000 ಗಂಟೆ ಬಾಳುತ್ತೆ, ಪ್ರೊಜೆಕ್ಟರ್ ಲೆನ್ಸಿನ ಜೊತೆ ಬಂದಿದ್ರೆ ಬಹಳ ಒಳ್ಳೇದು. ಸಾದಾ ರಿಫ್ಲೆಕ್ಟರಿಗೆ ಹಾಕಿದ್ರೆ ಎಲ್‌ಇಡಿಗೆ ಹೇಳಿದ್ದೇ ತೊಂದರೆ.

ಇನ್ನೊಂದು, ಖರ್ಚು ಮಾಡೋಕೆ ಮುಂಚೆ ಹೆಡ್‌ಲೈಟಿನ ಮುಖ ನೋಡಿ. ಆರೇಳು ವರ್ಷ ಬಿಸಿಲಲ್ಲಿ ನಿಂತ ಕಾರಿನ ಪ್ಲಾಸ್ಟಿಕ್ ಗಾಜು ಹಳದಿಯಾಗಿ ಮಬ್ಬಾಗಿರುತ್ತೆ, ಆ ಮಬ್ಬು ನುಂಗೋ ಬೆಳಕನ್ನ ಯಾವ ಪ್ಲಸ್ 130 ಬಲ್ಬೂ ವಾಪಸ್ ತರಲ್ಲ. ನನ್ನ ಕಾರಿಂದು ವಾಟರ್ ಪೇಪರಲ್ಲಿ ಉಜ್ಜಿಸಿ ಪಾಲಿಷ್ ಮಾಡಿಸ್ದಾಗ ಬಂದ ವ್ಯತ್ಯಾಸ ಬಲ್ಬ್ ಬದಲಾಯಿಸ್ದಾಗ ಬಂದಿದ್ದಕ್ಕಿಂತ ಜಾಸ್ತಿ ಇತ್ತು.

ಈಗ ನಾನು ಏನ್ ಮಾಡ್ತಿದೀನಿ ಅಂದ್ರೆ, ವರ್ಷದ ಎಂಟು ತಿಂಗಳು ಒಳ್ಳೇ ಕಂಪನಿಯ ಸಾದಾ 60/55, ರಿಲೇ ಕಿಟ್ ಇರೋದ್ರಿಂದ ಅದೇ ಸಾಕಷ್ಟು ಬೆಳಕು ಕೊಡುತ್ತೆ. ಜೂನ್ ಶುರುವಾಗ್ತಿದ್ದಂಗೆ ಪ್ಲಸ್ 130 ಜೊತೆ ಹಾಕ್ತೀನಿ, ಸೆಪ್ಟೆಂಬರ್ ಮುಗಿಯೋವರೆಗೆ. ನಾಲ್ಕು ತಿಂಗಳು, 120 ಗಂಟೆ. ಒಂದು ಮಳೆಗಾಲಕ್ಕೆ ಒಂದು ಜೊತೆ ಅಂತಾನೇ ಇಟ್ಕೊಂಡಿದೀನಿ, ಅಷ್ಟು ಖರ್ಚು ಆ ಘಾಟೀಲಿ ನನಗೆ ಒಪ್ಪಿಗೆ ಇದೆ. ನಿಮ್ಮದು ಬೀದಿ ದೀಪ ಇರೋ ಊರೊಳಗಿನ ದಾರಿಯಾದ್ರೆ ಪ್ಲಸ್ 130 ಬೇಕಾಗಿಲ್ಲ, ಸಾದಾದ್ದೋ ಪ್ಲಸ್ 30ದೋ ಹಾಕಿಸ್ಕೊಳ್ಳಿ, ಹೆಚ್ಚುಕಮ್ಮಿ ಎರಡು ವರ್ಷ ಆರಾಮ. ಕತ್ತಲೆ ಹೈವೇ ಆದ್ರೆ ಏಳೆಂಟು ತಿಂಗಳಿಗೊಂದು ಜೊತೆ ಅಂತ ಲೆಕ್ಕ ಹಿಡಿದೇ ಪ್ಲಸ್ 130 ತಗೊಳ್ಳಿ, ಇಂಜಿನ್ ಸ್ಟಾರ್ಟ್ ಆದ್ಮೇಲೆ ಲೈಟ್ ಹಾಕಿ, ಸಿಗ್ನಲ್ಲಲ್ಲಿ ಪದೇ ಪದೇ ಆರಿಸಿ ಹಚ್ಚಬೇಡಿ.

ಕೊನೇದಾಗಿ ಇನ್ನೂ ಉರೀತಿರೋ ನಿಮ್ಮ ಆ ಬಲಗಡೆ ಬಲ್ಬು. ಇದನ್ನ ದಯವಿಟ್ಟು ತಳ್ಳಿಹಾಕ್ಬೇಡಿ. ಐದು ತಿಂಗಳಿಗೆ ನನ್ನ ಎಡಗಡೆ ಡಿಮ್ ಹೋದಾಗ ಒಂದಿದ್ಯಲ್ಲ, ಭಾನುವಾರ ನೋಡೋಣ ಅಂತ ಬಿಟ್ಟಿದ್ದೆ. ಶುಕ್ರವಾರ ರಾತ್ರಿ, ಜುಲೈ ಮಳೆ, ಹೆಂಡ್ತಿ ಮಗಳು ಇಬ್ರೂ ಕಾರಲ್ಲಿದ್ರು, ಗುಂಡ್ಯ ಬಿಟ್ಟು ಘಾಟಿ ಹತ್ತಿ ಕೆಂಪುಹೊಳೆ ಹತ್ರ ಬರ್ತಿದ್ದಂಗೆ ಬಲಗಡೇದೂ ಪಟ್ ಅಂತ ಹೋಯ್ತು. ಎರಡು ಸೆಕೆಂಡು ಏನೂ ಕಾಣ್ಲಿಲ್ಲ, ವೈಪರ್ ಓಡೋ ಶಬ್ದ ಮಾತ್ರ. ಎಚ್4ರಲ್ಲಿ ಹೈ ಬೀಮಿನ ತಂತಿ ಬೇರೆ, ಅದು ಉರೀತಿತ್ತು, ಹಾಕ್ದೆ. ಎದುರಿಂದ ಸಾಲಾಗಿ ಇಳೀತಿದ್ದ ಗ್ಯಾಸ್ ಟ್ಯಾಂಕರುಗಳು ಲೈಟ್ ಹೊಡೆದು ಹೊಡೆದು ಹಾರನ್ ಹಾಕೋಕೆ ಶುರು ಮಾಡಿದ್ವು, ಅವ್ರ ತಪ್ಪೇನಿಲ್ಲ, ನನ್ನ ಹೈ ಬೀಮ್ ನೇರ ಅವ್ರ ಮುಖಕ್ಕೆ. ಹಾಗಂತ ಆರಿಸಿದ್ರೆ ಪಕ್ಕದಲ್ಲಿ ಕಣಿವೆ. ಕೊನೆಗೆ ಮುಂದೆ ಒಂದು ಲಾರಿ ಸಿಕ್ತು, ಅದ್ರ ಕೆಂಪು ದೀಪ ಹಿಡ್ಕೊಂಡು, ಪಾರ್ಕಿಂಗ್ ಲೈಟು ಫಾಗ್ ಲೈಟಲ್ಲೇ ಮಾರನಹಳ್ಳಿವರೆಗೂ ಬಂದ್ವಿ. ಮಗಳು ಅಷ್ಟೂ ಹೊತ್ತು ಒಂದು ಮಾತಾಡ್ಲಿಲ್ಲ.

ಒಟ್ಟಿಗೆ ಹಾಕಿದ ಬಲ್ಬುಗಳು ಒಟ್ಟಿಗೇ ಉರಿದಿರ್ತವೆ, ಒಟ್ಟಿಗೇ ಸವೆದಿರ್ತವೆ, ಒಂದು ಹೋದ್ರೆ ಇನ್ನೊಂದು ಕೆಲವು ದಿನ ಇಲ್ಲಾ ಕೆಲವು ವಾರದ ಮಾತು. ನಿಮ್ಮ ಬಲಗಡೇದೂ 210 ಗಂಟೆ ಮುಗಿಸಿದೆ. ಈ ವಾರಾನೇ ಎರಡನ್ನೂ ಬದಲಾಯಿಸಿ, ಇನ್ನೂ ಉರಿಯೋ ಆ ಹಳೇದನ್ನ ಹೊಸದ್ರ ಡಬ್ಬಿಗೇ ಹಾಕಿ, ಅಲುಗಾಡದ ಹಾಗೆ ಬಟ್ಟೆ ತುರುಕಿ, ಒಂದು ಟಿಶ್ಯೂ ಜೊತೆ ಗ್ಲೋವ್ ಬಾಕ್ಸಲ್ಲಿ ಇಟ್ಕೊಳ್ಳಿ. ವೋಲ್ಟೇಜ್ ಅಳೆದ್ರೆ ಎಷ್ಟು ಬಂತು ಅಂತ ಇಲ್ಲೇ ಕಾಮೆಂಟಲ್ಲಿ ಹಾಕಿ, ಯಾವ ಬಲ್ಬ್ ತಗೋಬೇಕು ಅಂತ ಅದನ್ನ ನೋಡಿ ಹೇಳ್ತೀನಿ.